ಬಿಸಿಲೂರಿಂದ ಬಿಸಿಲೂರಿಗೆ

ಆಂಧ್ರ ಗಡಿಯ ನಮ್ಮ ಹೊಳಗುಂದದವರು ಮರಳುಗಾಡು ನೋಡೋಕೆ ದುಬೈಗೆ ಹೋಗೋದು ಅಂದರೆ ದುಡ್ಡು ಕೊಟ್ಟು ಬಿಸಿಲು ಕಾಯಿಸಿಕೊಂಡು ಬರೋದು ಅಂತ ನಮ್ಮ ಬಸ್ ಸ್ಟ್ಯಾಂಡಿನ ಚಹಾದಂಗಡಿ ಯಾವಾಗಲೋ ತೀರ್ಪು ಕೊಟ್ಟಿದೆ. ಮೇ ತಿಂಗಳ ಮಟಮಟ ಮಧ್ಯಾಹ್ನ ನಮ್ಮ ಎರೆಹೊಲದಲ್ಲಿ ನಿಂತವರಿಗೆ ಆ ತೀರ್ಪಿನಲ್ಲಿ ದೋಷ ಕಾಣೋದಿಲ್ಲ. ಆದರೂ ಪಕ್ಕದ ಮನೆ ಅಕ್ಕ ಹೊರಟಿದ್ದಾರೆ. ಒಬ್ಬರೇ ಅಲ್ಲ. ಎಪ್ಪತ್ತೇಳು ದಾಟಿದ ಅತ್ತೆ, ದೊಡ್ಡ ಮಗ, ಸೊಸೆ, ನಾಲ್ಕನೇ ಕ್ಲಾಸಿನ ಮೊಮ್ಮಗ, ಈಗಷ್ಟೇ ಎರಡು ತುಂಬಿದ ಮೊಮ್ಮಗಳು. ಒಟ್ಟು ಆರು ಜನ, ಒಂದು ವಾರ. ಕರೆಸಿಕೊಳ್ಳುತ್ತಿರೋನು ಚಿಕ್ಕ ಮಗ. ಐಟಿಐ ಮುಗಿಸಿ ಹೋದವನು, ಅಲ್ಲಿ ದೊಡ್ಡ ಕಟ್ಟಡಗಳ ಎಸಿ ರಿಪೇರಿ ಮಾಡ್ತಾನೆ. ಯಜಮಾನರು ಮಾತ್ರ ಬರೋದಿಲ್ಲವಂತೆ. "ಹತ್ತಿ ಕೊನೇ ಬಿಡಿಸೋದು ಐತೆ, ಕಡ್ಲಿ ಐತೆ, ಎಮ್ಮಿ ಐತೆ. ಎಲ್ಲಾರೂ ಹೋದ್ರೆ ಎಮ್ಮಿಗೆ ವಾಟ್ಸಾಪಿನಾಗೆ ಮೇವು ಕಳಿಸ್ಲಾ?" ಅಂತ ಅವರ ವಾದ.

ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಇರೋದು ಬೇತಂಚೆರ್ಲದ ಬಂಡೆ ನೆಟ್ಟ ಬೇಲಿ, ಎದೆಮಟ್ಟದ್ದು. ನನ್ನದೊಂದು ನೆಟ್ ಅಂಗಡಿ. ರೈಲು ಟಿಕೆಟ್ಟು, ಜೆರಾಕ್ಸು, ಪಾಸ್‌ಪೋರ್ಟ್ ಅರ್ಜಿ, ಕಾಲೇಜು ಫೀಸು. ಸಂಜೆ ಅಂಗಡಿ ಶಟರ್ ಎಳೆದು ಬರ್ತೀನಿ, ಬೇಲಿಗೆ ಮಾತ್ರ ಶಟರ್ ಇಲ್ಲ. ಮುಖ ತೊಳೆಯೋಕೆ ಹಿತ್ತಲಿಗೆ ಹೋದರೆ ಸಾಕು, ಆಚೆಯಿಂದ ದನಿ ಬರುತ್ತೆ: "ತಮ್ಮಾ, ಬಂದ್ಯಾ? ಒಂದು ಮಾತು."

ಮೊದಲ ಮಾತು ಯಾವಾಗ ಹೋಗೋದು ಅನ್ನೋದು. ದೊಡ್ಡ ಮಗ ಬೇಸಿಗೆ ರಜೆ ಅಂದ. ಬೇಸಿಗೆಯಲ್ಲಿ ಟಿಕೆಟ್ ಅಗ್ಗ, ಹೋಟೆಲೂ ಅಗ್ಗ. ಯಾಕೆ ಅಗ್ಗ ಅಂತ ಅವನು ಯೋಚನೆ ಮಾಡಿಲ್ಲ. ಜೂನ್-ಜುಲೈನಲ್ಲಿ ಅಲ್ಲಿ 45 ಡಿಗ್ರಿ ಅನ್ನೋದು ಮಾಮೂಲು, ಜೊತೆಗೆ ಸಮುದ್ರದ ಪಕ್ಕ ಆದ್ದರಿಂದ ಬೆವರು ಆರೋದೂ ಇಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಲ್ಲಿ ಕೂಲಿಯವರ ಹತ್ತಿರ ಕೆಲಸ ಮಾಡಿಸಬಾರದು ಅಂತ ಅಲ್ಲಿನ ಸರ್ಕಾರವೇ ಕಾನೂನು ಮಾಡಿದೆ. ಕೂಲಿಯವರನ್ನೇ ಒಳಗೆ ಕೂರಿಸೋ ಬಿಸಿಲಿಗೆ ಎರಡು ವರ್ಷದ ಕೂಸನ್ನ ಎತ್ತಿಕೊಂಡು ಹೋಗೋದೇ? ಬೇಸಿಗೆ ಅಲ್ಲಿಗೆ ಮುಗೀತು.

ಹಂಗಾದ್ರೆ ದಸರಾ ಅಂತ ಸೊಸೆ. ರಜೆಯೇನೋ ಉದ್ದ. ಆದರೆ ದಸರಾದಲ್ಲಿ ನಮ್ಮ ಸೀಮೆಯವರು ಊರು ಬಿಟ್ಟು ಹೋಗೋದುಂಟೇ? ವಿಜಯದಶಮಿ ನಡುರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ. ಉತ್ಸವಮೂರ್ತಿ ನಮ್ಮೂರಿಗೆ ಬರಲಿ, ನಮ್ಮೂರಿಗೆ ಬರಲಿ ಅಂತ ನೇರಣಿಕಿ ಕಡೆಯವರು, ಸುತ್ತಲಿನ ಊರಿನವರು ಬಡಿಗೆ ಹಿಡಿದು ಬಡಿದಾಡಿಕೊಳ್ಳೋ ರಾತ್ರಿ. ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರೂ ಆವತ್ತಿಗೆ ಊರಲ್ಲಿರ್ತಾರೆ. ಅಕ್ಕನ ಯಜಮಾನರ ತಲೆಯಲ್ಲಿ ಅದರ ಗುರುತೂ ಇದೆ, ಪ್ರತಿ ವರ್ಷ ತೋರಿಸ್ತಾರೆ. ದಸರಾ ಅನ್ನೋ ಮಾತು ಬೇಲಿ ದಾಟೋ ಮುಂಚೆಯೇ ಬಿದ್ದುಹೋಯಿತು.

ಉಳಿದದ್ದು ಸಂಕ್ರಾಂತಿ. ಇಲ್ಲೇ ನಮಗೆ ಆಂಧ್ರದಲ್ಲಿರೋದರ ಲಾಭ. ಮೊಮ್ಮಗ ಓದೋದು ಕನ್ನಡ ಮಾಧ್ಯಮದ ಶಾಲೆ, ಆದರೆ ರಜೆ ಆಂಧ್ರ ಸರ್ಕಾರದ್ದು. ಸಂಕ್ರಾಂತಿಗೆ ಹೆಚ್ಚುಕಮ್ಮಿ ಹತ್ತು ದಿನ ಬಾಗಿಲು ಹಾಕ್ತಾರೆ. ಗಡಿ ಆಚೆ ಸಿರುಗುಪ್ಪದ ಹುಡುಗರು ಎಳ್ಳುಬೆಲ್ಲ ತಿಂದು ಮಾರನೇ ದಿನ ಶಾಲೆಗೆ ಹೋಗಬೇಕು. ಜನವರಿ ನಡುವಿಗೆ ದುಬೈನಲ್ಲಿ ಹೊಸ ವರ್ಷದ ಗದ್ದಲ ಇಳಿದಿರುತ್ತೆ, ಹಗಲು ಇಪ್ಪತ್ತನಾಲ್ಕು ಡಿಗ್ರಿ ಆಸುಪಾಸು, ರಾತ್ರಿ ಹದಿನಾಲ್ಕು-ಹದಿನೈದು. ಮರಳಿನ ಮೇಲೆ ಇನ್ನೂ ಕಮ್ಮಿ. "ಸ್ವೆಟರ್ ತಗೊಳ್ರಿ" ಅಂದರೆ ಅಕ್ಕ ನಂಬಲಿಲ್ಲ. ಮರಳುಗಾಡಿಗೆ ಸ್ವೆಟರ್ ಅನ್ನೋದು ನಾನು ಮಾಡಿದ ತಮಾಷೆ ಅಂತ ಅವರ ಸೊಸೆಗೆ ಹೇಳಿ ನಕ್ಕರು. ನಗಲಿ. ಮರಳು ಹಗಲು ಎಷ್ಟು ಬೇಗ ಕಾಯುತ್ತೋ ಹೊತ್ತು ಮುಳುಗಿದ ಮೇಲೆ ಅಷ್ಟೇ ಬೇಗ ಆರಿಹೋಗುತ್ತೆ. ತೇವ ಇಲ್ಲದ ಗಾಳಿಯಲ್ಲಿ ಕಾವು ನಿಲ್ಲೋದಿಲ್ಲ.

ತಾರೀಕು ಗೊತ್ತಾದ ಮೇಲೆ ನಿಜವಾದ ಕೆಲಸ ಹೆಸರಿನದು. ಅಕ್ಕನ ಅತ್ತೆಯ, ಅಂದರೆ ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಇರೋದು ಒಂದೇ ಪದ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅದರಲ್ಲೇ ಇಷ್ಟು ವರ್ಷ ರೇಷನ್ ತಂದಿದ್ದಾರೆ, ಓಟು ಹಾಕಿದ್ದಾರೆ. ಆದರೆ 2022ರ ನವೆಂಬರಿನಿಂದ ದುಬೈ ಇರೋ ಯುಎಇ ದೇಶಕ್ಕೆ ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದು ವಿಸಿಟ್ ವೀಸಾದಲ್ಲಿ ಹೋಗೋಕೆ ಬಿಡಲ್ಲ ಅಂತ ಆಯಿತು. ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ ತಂದೆ ಹೆಸರು ಇದ್ದರೆ ನಡೆಯುತ್ತೆ ಅಂತ ಆಮೇಲೆ ಸಡಿಲ ಮಾಡಿದರು. ಹೊಸದಾಗಿ ಮಾಡಿಸುವಾಗಲೇ ಎರಡು ಹೆಸರು ಹಾಕಿಸಿಬಿಡೋದು ಕ್ಷೇಮ ಅಂದೆ. ಸರಿ, ಮನೆಹೆಸರು ಏನು? ದೊಡ್ಡ ಮಗನ ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು 'ಕೆ' ಇದೆ. ಆ ಕೆ ಅಂದರೆ ಕಟ್ಟೆಮನಿ ಅಂತ ಅಜ್ಜಿ. ಇಲ್ಲ, ಕೊಟ್ಟೂರಿಂದ ಬಂದವರು ನಾವು, ಅದು ಕೊಟ್ಟೂರು ಅಂತ ಯಜಮಾನರು. ಮೇಷ್ಟ್ರು ಸುಮ್ಮನೆ ಹಾಕಿದ್ದು ಅಂತ ದೊಡ್ಡ ಮಗ. ಈ ಮೂರು ಪಕ್ಷದ ಚರ್ಚೆ ಬೇಲಿಯ ಆ ಕಡೆ ನಡೆಯುವಾಗ ನಾನು ಈ ಕಡೆ ಎರಡು ಸಲ ಚಹಾ ಕುಡಿದೆ.

ಅಜ್ಜಿ ಹುಟ್ಟಿದ ಜಾಗದ ಕಲಮು ಇನ್ನೂ ಸೊಗಸು. ಅವರು ಹುಟ್ಟಿದಾಗ ಹೊಳಗುಂದ ಬಳ್ಳಾರಿ ಜಿಲ್ಲೆ, ಮದ್ರಾಸು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಿಗೆ ಬಂದವು, ಬಳ್ಳಾರಿ ಮೈಸೂರಿನ ಪಾಲಾಯಿತು. 1956ರಲ್ಲಿ ಆಂಧ್ರ ಪ್ರದೇಶ ಅಂತ ಬೋರ್ಡು ಬದಲಾಯಿತು. "ನಾನು ಈ ಹೊಸ್ತಿಲು ದಾಟಿಲ್ಲಪಾ, ಅವರೇ ನನ್ನ ಮದ್ರಾಸಿಂದ ಇಲ್ಲಿಗೆ ತಂದರು" ಅಂತ ಅಜ್ಜಿ. ಒಂದು ಪಾಸ್‌ಪೋರ್ಟ್ ಇಲ್ಲದೆ ಇಷ್ಟು ರಾಜ್ಯ ತಿರುಗಿದವರಿಗೆ ಈಗ ಪಾಸ್‌ಪೋರ್ಟು! ಕರ್ನೂಲು ಜಿಲ್ಲೆ ಅಂತ ಬರೆದು ಮುಂದಿನ ಕಲಮಿಗೆ ಹೋದೆ. ಓದು ಬರಹ ಇಲ್ಲದವರಿಗೆ ಇಮಿಗ್ರೇಷನ್ನಲ್ಲಿ ತಡೀತಾರಂತೆ ಅಂತ ಯಾರೋ ಹೆದರಿಸಿದ್ದರು. ಆ ಇಸಿಆರ್ ಮುದ್ರೆಯ, ಅಂದರೆ ವಲಸೆ ತಪಾಸಣೆ ಆಗಬೇಕು ಅನ್ನೋ ಮುದ್ರೆಯ, ತಾಪತ್ರಯ ಹತ್ತನೇ ಕ್ಲಾಸು ಪಾಸಾಗದೆ ದುಡಿಯೋಕೆ ಹೋಗೋರಿಗೆ. ಐವತ್ತು ದಾಟಿದವರಿಗೂ ಹದಿನೆಂಟರ ಒಳಗಿನ ಮಕ್ಕಳಿಗೂ ಆ ಮುದ್ರೆಯೇ ಬೀಳಲ್ಲ.

ಕೂಸಿನದು ಬೇರೆ ಕತೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಬೇಕು, ಬೇರೆ ಯಾವ ಕಾಗದವೂ ನಡೆಯಲ್ಲ. ಪ್ರಮಾಣಪತ್ರ ಇದೆ, ಅದರಲ್ಲಿ ಹೆಸರಿನ ಜಾಗ ಖಾಲಿ. ಹುಟ್ಟಿದಾಗ ನಾಮಕರಣ ಆಗಿರಲಿಲ್ಲ, ಆಮೇಲೆ ಯಾರೂ ಆ ಕಡೆ ತಿರುಗಿ ನೋಡಿಲ್ಲ. ನಮ್ಮ ಕಡೆ ಹತ್ತು ಪತ್ರ ತೆಗೆದರೆ ಹಲವು ಹೀಗೇ ಇರ್ತವೆ. ಅದನ್ನ ಮೊದಲು ತುಂಬಿಸಿಕೊಂಡು ಬನ್ರಿ, ಆಮೇಲೆ ಕರ್ನೂಲಿನ ಅಂಚೆ ಕಚೇರಿಯಲ್ಲಿರೋ ಪಾಸ್‌ಪೋರ್ಟ್ ಕೇಂದ್ರಕ್ಕೆ ದಿನ ಹಿಡಿಯೋಣ ಅಂದೆ. ದೊಡ್ಡವರ ಪಾಸ್‌ಪೋರ್ಟ್ 1500 ರೂಪಾಯಿ, ಹತ್ತು ವರ್ಷ ಬಾಳುತ್ತೆ. ಮಕ್ಕಳದ್ದು 1000, ಐದು ವರ್ಷಕ್ಕೆ ಮುಗಿಯುತ್ತೆ. ಮುಖ ಬದಲಾಗುತ್ತಲ್ಲ. ಅರವತ್ತು ದಾಟಿದವರಿಗೂ ಎಂಟರ ಒಳಗಿನವರಿಗೂ ನೂರಕ್ಕೆ ಹತ್ತು ರಿಯಾಯಿತಿ. ಅಂದರೆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರಿಗೂ ಎಲ್ಲರಿಗಿಂತ ಚಿಕ್ಕವಳಿಗೂ ಸಿಕ್ಕಿತು. ಅಜ್ಜಿ ಇದನ್ನ ಓಣಿಗೆಲ್ಲ ಹೇಳಿದ್ದಾರೆ.

ಟಿಕೆಟ್ಟಿನಲ್ಲಿ ಅಕ್ಕ ಒಂದು ಉಪಾಯ ತೆಗೆದರು. ಎರಡು ತುಂಬದ ಕೂಸಿಗೆ ಮಡಿಲಲ್ಲೇ ಜಾಗ, ದುಡ್ಡೂ ಕಮ್ಮಿ. ಎರಡು ತುಂಬಿದರೆ ಪೂರ್ತಿ ಸೀಟು. "ಒಂದೂವರೆ ಅಂತ ಹಾಕಪಾ. ಬಸ್ಸಿನಾಗೆ ಇವನಿಗೆ ಏಳು ಆದಾಗ್ಲೂ ಐದು ಅಂತ್ಲೇ ಹೇಳ್ತಿದ್ವಿ." ಬಸ್ಸಿನ ಕಂಡಕ್ಟರ್ ಹುಡುಗನ ಮುಖ ನೋಡ್ತಾನೆ, ನಮ್ಮ ಮುಖ ನೋಡ್ತಾನೆ, ನಕ್ಕು ಮುಂದೆ ಹೋಗ್ತಾನೆ. ವಿಮಾನದವನು ಪಾಸ್‌ಪೋರ್ಟ್ ಮಾತ್ರ ನೋಡ್ತಾನೆ.

ಇಷ್ಟೆಲ್ಲ ಆಗೋವರೆಗೂ ಉಳಿದುಕೊಳ್ಳೋದು ಎಲ್ಲಿ ಅನ್ನೋ ಮಾತೇ ಬಂದಿರಲಿಲ್ಲ. "ಎಲ್ಲೇನು, ನಮ್ಮುಡುಗನ ಮನಿ ಐತಲ್ಲ" ಅಂತ ಅಕ್ಕ. ನಾನು ಸುಮ್ಮನಾದೆ. ನಾಲ್ಕು ವರ್ಷದಿಂದ ವಿಡಿಯೊ ಕಾಲಿನಲ್ಲಿ ಅವನ ಹಿಂದೆ ಯಾವಾಗಲೂ ಒಂದು ಬಿಳಿ ಗೋಡೆ ಕಾಣುತ್ತೆ. ಆ ಗೋಡೆ ಮನೆಯದಲ್ಲ, ಒಂದು ಮಂಚದ ತಲೆದೆಸೆಯದು. ಅಲ್ಲಿ ಅದಕ್ಕೆ ಬೆಡ್ ಸ್ಪೇಸ್ ಅಂತಾರೆ. ಒಂದು ರೂಮು, ಮೇಲೊಂದು ಕೆಳಗೊಂದು ಮಂಚ, ಮಲಗೋಕೆ ನಿನ್ನದು ಅನ್ನೋ ಆರಡಿ ಜಾಗ, ಅಡುಗೆಮನೆ ಬಚ್ಚಲು ಎಲ್ಲರದ್ದು. ಬಾಡಿಗೆ ಹಂಚಿಕೊಂಡರೆ ತಾನೇ ಊರಿಗೆ ದುಡ್ಡು ಬರೋದು. ಅಲ್ಲಿಗೆ ಹೆಂಗಸರು ಮಕ್ಕಳನ್ನ ಕರೆದುಕೊಂಡು ಹೋಗಿ ಇರಿಸಿಕೊಳ್ಳೋ ಹಾಗಿಲ್ಲ. ಅವನು ನನಗೆ ಬೇರೆಯಾಗಿ ಫೋನ್ ಮಾಡಿ, "ಅಣ್ಣಾ, ಅಮ್ಮಗೆ ಒಂಚೂರು ನೀನೇ ಹೇಳು. ಅಡಿಗಿ ಮನಿ ಇರೋ ಹೋಟೆಲ್ ಅಪಾರ್ಟ್‌ಮೆಂಟು ಹಿಡಿತೀನಿ" ಅಂದಿದ್ದ.

ಹೇಳಿದೆ. ಅಕ್ಕ ಬೇಲಿ ಬಂಡೆ ಮೇಲೆ ಒಣಗಲು ಹಾಕಿದ್ದ ಬಟ್ಟೆ ತೆಗೆದು ಮಡಚೋಕೆ ಶುರು ಮಾಡಿದರು. ಮಡಚಿದ್ದನ್ನೇ ಇನ್ನೊಮ್ಮೆ ಬಿಡಿಸಿ ಮಡಚಿದರು. ಆಮೇಲೆ, "ಮೊದಲ್ನೇ ದಿನ ಆ ರೂಮಿಗೇ ಹೋಗೋದು. ಉಳ್ದದ್ದು ನೀವು ಏನರ ತೋರಿಸ್ರಿ" ಅಂದರು. ಅವನು ಒಪ್ಪಿರಲಿಲ್ಲ. ಈಗ ಒಪ್ಪಿದ್ದಾನೆ. ಆವತ್ತು ರೂಮಿನವರಿಗೆಲ್ಲ ಅಕ್ಕನ ಕೈಯಡುಗೆಯಂತೆ. ರೂಮಿನಲ್ಲಿ ಕಡಪದವರು, ಕೇರಳದವರು, ಒಬ್ಬ ನೇಪಾಳದವನು ಇದ್ದಾರೆ, ಕಾಯ್ತಾ ಇದ್ದಾರಂತೆ.

ನನ್ನನ್ನು ಕೇಳಿದರೆ ಆ ಒಂದು ತೀರ್ಮಾನದಿಂದ ಇಡೀ ವಾರದ ಲೆಕ್ಕ ಸರಿಹೋಯಿತು. ಅದಕ್ಕೆ ಮೊದಲು ದೊಡ್ಡ ಮಗ ಯಾವುದೋ ಟ್ರಾವೆಲ್ಸಿನವರಿಂದ ಒಂದು ಪಟ್ಟಿ ತಂದಿದ್ದ. ಬೆಳಗ್ಗೆ ಆರಕ್ಕೆ ಎದ್ದು ಒಂಬತ್ತಕ್ಕೆ ಇದು, ಹನ್ನೊಂದಕ್ಕೆ ಅದು, ಮೂರಕ್ಕೆ ಮತ್ತೊಂದು. ಒಂದೇ ದಿನ ಅಬುಧಾಬಿ, ಮಸೀದಿ, ಮಂದಿರ, ಮಾಲು. ಎರಡು ವರ್ಷದ ಕೂಸು ಮಧ್ಯಾಹ್ನ ಮಲಗಬೇಕು, ಅಜ್ಜಿಯ ಮಂಡಿ ಅರ್ಧ ಮೈಲಿಗೆ ಮುಷ್ಕರ ಹೂಡುತ್ತೆ. ಪಟ್ಟಿ ಬರೆದವನಿಗೆ ಮಕ್ಕಳೂ ಇಲ್ಲ, ತಾಯಿಯೂ ಇಲ್ಲ ಅಂತ ಕಾಣುತ್ತೆ. ದಿನಕ್ಕೆ ಒಂದೇ ಜಾಗ, ಅದೂ ಬೆಳಗ್ಗೆ ಇಲ್ಲ ಸಂಜೆ, ನಡುವೆ ಊಟ ನಿದ್ದೆ. ಇದಕ್ಕಿಂತ ಹೆಚ್ಚು ಬರೆದರೆ ನಾನು ಪ್ರಿಂಟ್ ಕೊಡಲ್ಲ ಅಂದೆ.

ಅಲ್ಲಿ ಮಕ್ಕಳಿಗೆ ಖುಷಿ ಕೊಡೋದೆಲ್ಲ ದುಬಾರಿ ಅನ್ನೋದು ಸುಳ್ಳು. 2009ರ ಸೆಪ್ಟೆಂಬರ್ 9ಕ್ಕೆ ಶುರುವಾದ ಮೆಟ್ರೊ ಇದೆ, ಅದಕ್ಕೆ ಡ್ರೈವರ್ ಇಲ್ಲ. ನಮ್ಮ ಹುಡುಗನಿಗೆ ಅದೊಂದು ಸಾಕು. ಆದೋನಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಬಂದರೆ ಎಂಜಿನ್ ಡ್ರೈವರಿಗೆ ಕೈ ಬೀಸೋನು ಅವನು, ಅಲ್ಲಿ ಯಾರಿಗೆ ಬೀಸ್ತಾನೋ ನೋಡಬೇಕು. ಮೆಟ್ರೊದಲ್ಲಿ ತಿಂಡಿ ತಿಂದರೆ, ನೀರು ಕುಡಿದರೂ ಸಹಿತ, 100 ದಿರಹಂ ದಂಡ. ಒಂದು ದಿರಹಂ ಅಂದರೆ 24 ರೂಪಾಯಿ ಆಸುಪಾಸು, ಲೆಕ್ಕ ಹಾಕಿಕೊಳ್ಳಿ. ಹಳೇ ಊರಿನ ಕಡಲ ಹಿನ್ನೀರಿನ ಮೇಲೆ ಆ ದಡದಿಂದ ಈ ದಡಕ್ಕೆ ಮರದ ದೋಣಿ ಓಡುತ್ತೆ, ಅಬ್ರಾ ಅಂತಾರೆ, ಒಂದೇ ದಿರಹಂ. ಬುರ್ಜ್ ಖಲೀಫಾ 828 ಮೀಟರ್. ಮೇಲೆ ಹತ್ತೋಕೆ ತಲೆಗಿಷ್ಟು ಅಂತ ಕೀಳ್ತಾರೆ, ಕೆಳಗೆ ನಿಂತು ಕಾರಂಜಿ ನೋಡೋಕೆ ಕಾಸಿಲ್ಲ. ಕತ್ತು ನೋಯೋತನಕ ಕೆಳಗಿಂದ ನೋಡಿದರೇ ಅದರ ಎತ್ತರ ಗೊತ್ತಾಗೋದು ಅನ್ನೋದು ನನ್ನ ಮತ. ಮೇಲೆ ಹತ್ತಿದರೆ ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತೆ. ಅಂದಹಾಗೆ ಆ ಕಟ್ಟಡದ ಪಕ್ಕದ್ದೊಂದರಲ್ಲಿ ಎಸಿ ಕೆಟ್ಟರೆ ನಮ್ಮ ಅಕ್ಕನ ಮಗ ಹೋಗ್ತಾನೆ.

ಅಬುಧಾಬಿಗೆ ಒಂದು ದಿನ. ಅಬು ಮುರೈಖಾ ಅನ್ನೋ ಕಡೆ ಏಳು ಶಿಖರದ ಸ್ವಾಮಿನಾರಾಯಣ ಮಂದಿರ, 2024ರ ಫೆಬ್ರವರಿ 14ಕ್ಕೆ ಉದ್ಘಾಟನೆ ಆದದ್ದು, ರಾಜಸ್ಥಾನದ ಗುಲಾಬಿ ಕಲ್ಲು. ಸೋಮವಾರ ಬಾಗಿಲು ಮುಚ್ಚಿರುತ್ತೆ. ಅಜ್ಜಿಯ ವಾರ ಸೋಮವಾರ, ಆವತ್ತೇ ಗುಡಿಗೆ ಹೋಗಬೇಕು ಅಂತ ಹಟ. "ಸೋಮಾರ ಬಾಗ್ಲ ಹಾಕೋ ದ್ಯಾವ್ರು ಯಾವನಪಾ?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಊರಲ್ಲೇ ಶೇಖ್ ಜಾಯೆದ್ ಮಸೀದಿ. ಎಲ್ಲರನ್ನೂ ಬಿಡ್ತಾರೆ, ಬಿಟ್ಟಿ, ಆದರೆ ಮುಂಚೆ ಹೆಸರು ನೋಂದಾಯಿಸಬೇಕು, ಹೆಂಗಸರು ತಲೆ ಮುಚ್ಚಬೇಕು. ಎಳ್ಳಾರ್ತಿ ದರ್ಗಾದ ಉರುಸಿಗೆ ಸೆರಗು ತಲೆ ಮೇಲೆ ಹಾಕಿ ಸಕ್ಕರೆ ಓದಿಸಿಕೊಂಡು ಬರೋ ಅಕ್ಕನಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ.

ಮರಳುಗಾಡಿನ ಸಫಾರಿ ಬಗ್ಗೆ ಮಾತ್ರ ಜಗಳವೇ ಆಯಿತು. ಜೀಪನ್ನ ಮರಳ ದಿಬ್ಬದ ಮೇಲೆ ಹತ್ತಿಸಿ ಪಕ್ಕಕ್ಕೆ ಜಾರಿಸಿ ಎತ್ತಿ ಹಾಕ್ತಾರೆ. ಸಣ್ಣ ಮಕ್ಕಳು, ಬಸುರಿಯರು, ಬೆನ್ನು ನೋವಿನವರು ಕೂರಬಾರದು ಅಂತ ಅವರೇ ಹೇಳ್ತಾರೆ. ಮೊಮ್ಮಗನಿಗೆ ಅದೇ ಬೇಕು. ಕೊನೆಗೆ ರಾಜಿ: ಅಪ್ಪ ಮಗ ಜೀಪಿನಲ್ಲಿ ಕುಣಿದುಕೊಂಡು ಹೋಗೋದು, ಉಳಿದವರು ಸಮ ರಸ್ತೆಯಲ್ಲಿ ನೇರ ಕ್ಯಾಂಪಿಗೆ. ಟ್ಯಾಕ್ಸಿಯ ವಿಷಯದಲ್ಲೂ ಒಂದು ಮಾತು ಹೇಳಿದೆ. ಮಾಮೂಲು ಟ್ಯಾಕ್ಸಿಯಲ್ಲಿ ನಾಲ್ಕೇ ಜನ. ನಾಲ್ಕು ವರ್ಷದೊಳಗಿನ ಕೂಸಿಗೆ ಕಾರಿನಲ್ಲಿ ಬೇರೆ ಸೀಟು ಕಟ್ಟಬೇಕು ಅನ್ನೋದು ಅಲ್ಲಿನ ಕಾನೂನು, ಹತ್ತು ವರ್ಷದ ಒಳಗಿನವರು ಮುಂದೆ ಕೂರೋ ಹಾಗಿಲ್ಲ. ಇಲ್ಲಿ ಟಂಟಂ ಆಟೊದಲ್ಲಿ ಹದಿನಾಲ್ಕು ಜನ ಆದೋನಿ ಸಂತೆಗೆ ಹೋಗೋ ನಮಗೆ ಇದು ಶಿಕ್ಷೆ.

ನಾನು ಹಟ ಹಿಡಿದು ಸೇರಿಸಿದ್ದು ಅಲ್ ಐನ್. ಟ್ರಾವೆಲ್ಸಿನವರ ಪಟ್ಟಿಯಲ್ಲಿ ಅದಿರಲಿಲ್ಲ. ದುಬೈನಿಂದ ಒಂದೂವರೆ ತಾಸು. ಒಳನಾಡಿನ ಊರು, ನಡುವೆ ಖರ್ಜೂರದ ತೋಪು, 1,47,000ಕ್ಕೂ ಹೆಚ್ಚು ಮರ ಅಂತ ಲೆಕ್ಕ. 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಷ್ಟು ಮರಕ್ಕೆ ನೀರು ಎಲ್ಲಿಂದ? ಬೆಟ್ಟದ ಬುಡದ ಅಂತರ್ಜಲವನ್ನ ನೆಲದೊಳಗಿನ ಕಾಲುವೆಯಲ್ಲಿ, ಪಂಪು ಇಲ್ಲದೆ, ಬರೀ ಇಳಿಜಾರಿನಲ್ಲಿ ತರ್ತಾರೆ. ಫಲಜ್ ಅಂತಾರೆ. ಸಾವಿರಾರು ವರ್ಷದ ಪದ್ಧತಿ. ತೋಟಕ್ಕೆ ಇಷ್ಟು ಹೊತ್ತು, ಆಮೇಲೆ ಪಕ್ಕದವನಿಗೆ, ಸರದಿ. ಇದನ್ನ ಕೇಳಿ ಯಜಮಾನರು ಮೊದಲ ಸಲ ಬೇಲಿ ಹತ್ತಿರ ಬಂದರು. "ಮೇಲಿನ ತ್ವಾಟದಾನು ರಾತ್ರಿ ನೀರು ಕದಿಯಲ್ಲೇನು?" ಎಲ್‌ಎಲ್‌ಸಿ ಅನ್ನೋ ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೇ ಭಾಗದ ರೈತ ಕೇಳೋ ಮೊದಲ ಪ್ರಶ್ನೆ ಅದೇ. ಹೊಸಪೇಟೆ ಅಣೆಕಟ್ಟಿಂದ ಬಿಟ್ಟ ನೀರು ನಮ್ಮ ಹೊಲಕ್ಕೆ ಬರೋ ಹೊತ್ತಿಗೆ ಎಷ್ಟು ಉಳಿದಿರುತ್ತೆ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದ ವಾರ ಇವರು ಊಟ ಸರಿಯಾಗಿ ಮಾಡಿರಲಿಲ್ಲ. ಅಲ್ಲಿಯವರು ಕುಡಿಯೋದು ಸಮುದ್ರದ ನೀರನ್ನ ಉಪ್ಪು ತೆಗೆದು ಅಂದಾಗ ಅಜ್ಜಿ ಕೂಡ ಎದ್ದು ಬಂದರು. ಉಪ್ಪು ತೆಗೆದು ಏನು ಮಾಡ್ತಾರೆ ಅಂತ ಅವರ ಪ್ರಶ್ನೆ. ಕಡಲಿಗೇ ವಾಪಸು ಬಿಡ್ತಾರಮ್ಮ ಅಂದೆ. "ನಷ್ಟ" ಅಂದರು ಅಜ್ಜಿ.

ಇಂಥ ದೇಶದಲ್ಲೂ ಮಳೆ ಬಂದರೆ ಬರುತ್ತೆ. 2024ರ ಏಪ್ರಿಲ್ 16ಕ್ಕೆ ಅದೇ ಅಲ್ ಐನ್ ಪಕ್ಕದ ಒಂದು ಕಡೆ ಇಪ್ಪತ್ತನಾಲ್ಕು ತಾಸಿನೊಳಗೆ 254 ಮಿಲಿಮೀಟರ್ ಸುರಿದಿತ್ತು, ಅದೇ ಮಳೆಗೆ ದುಬೈ ವಿಮಾನ ನಿಲ್ದಾಣದ ರನ್‌ವೇ ಕೆರೆ ಆಗಿತ್ತು. ಇದನ್ನ ಮಾತ್ರ ನಾನು ಅಕ್ಕನಿಗೆ ಹೇಳಿಲ್ಲ.

ಇನ್ನು ಗಂಟು ಕಟ್ಟೋದು. ಸೊಸೆ ಮೊಬೈಲಿನಲ್ಲಿ ನೋಡಿ ಉದ್ದ ಪಟ್ಟಿ ಬರೆದುಕೊಂಡಿದ್ದಳು: ಸನ್‌ಸ್ಕ್ರೀನು, ಬಣ್ಣದ ಕನ್ನಡಕ, ಮಡಚೋ ಗಾಡಿ. ಅಕ್ಕ ಅದನ್ನ ಓದಿಸಿ ಕೇಳಿ ಬದಿಗಿಟ್ಟರು. ಅವರಿಗೆ ಮಕ್ಕಳನ್ನ ಕಟ್ಟಿಕೊಂಡು ಊರು ಬಿಡೋದು ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಸುಗ್ಗಿಗೆ ಅಂತ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸೋಕೆ ಹೋದವರು, ದೊಡ್ಡ ಮಗನನ್ನ ಸೊಂಟದ ಮೇಲೆ ಕೂರಿಸಿಕೊಂಡು. ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರ್ವಿ ಕಡೆಯಿಂದ ಈಗಲೂ ಹೋಗ್ತಾರೆ. ಅದೇ ಸಂಕ್ರಾಂತಿ ಆಸುಪಾಸು, ಮನೆಗೆ ಬೀಗ ಹಾಕಿ, ಲಾರಿ ತುಂಬ ಜನ. ಅವರ ಮಕ್ಕಳಿಗೆ ರಜೆ ಹತ್ತು ದಿನಕ್ಕೆ ಮುಗಿಯಲ್ಲ, ಮೂರು ತಿಂಗಳು. ಯಾವ ಪತ್ರಿಕೆಯೂ ಅದನ್ನ ಕುಟುಂಬ ಸಮೇತ ಪ್ರವಾಸ ಅಂತ ಬರೆಯಲ್ಲ, ಮಕ್ಕಳನ್ನ ಬಿಸಿಲಲ್ಲಿ ನೋಡಿಕೊಳ್ಳೋದು ಹೇಗೆ ಅಂತ ಯಾರೂ ಅವರಿಗೆ ಸಲಹೆ ಕೊಡಲ್ಲ. ಸಲಹೆ ಬೇಕಾದರೆ ಅವರನ್ನೇ ಕೇಳಬೇಕು. ಅಕ್ಕ ಹೇಳಿದ್ದು ಇಷ್ಟು: "ಕೂಸಿಗೆ ತಾನು ಹೊದ್ಕೊಳ್ಳೋ ಕೌದಿನೇ ಬೇಕು, ಹೊಸಾದು ಕೊಟ್ರೆ ನಿದ್ದಿ ಮಾಡಲ್ಲ. ನೀರು ಬದಲಾದ ಮೂರು ದಿನ ಗಂಜಿ. ಹತ್ತಿ ಬಟ್ಟಿ, ಉದ್ದ ತೋಳು. ಬಿಸಿಲಾಗೆ ಹೋಗಿ ಬಂದ ಕೂಡ್ಲೇ ನೀರು ಕೊಡಬ್ಯಾಡ್ರಿ ಅಂತಾರೆ, ಸುಳ್ಳು. ಗುಟುಕು ಗುಟುಕು ಕೊಡ್ತಾ ಇರ್ಬೇಕು." ಮಡಚೋ ಗಾಡಿ ಒಂದನ್ನ ಮಾತ್ರ ಒಪ್ಪಿಕೊಂಡರು, ಅದೂ ಅಜ್ಜಿಯ ಚೀಲ ಇಡೋಕೆ ಆಗುತ್ತೆ ಅಂತ.

ತಿನ್ನೋದರಲ್ಲಿ ಮಾತ್ರ ನಾನು ಪೊಲೀಸ್ ಕೆಲಸ ಮಾಡಬೇಕಾಯಿತು. ಕಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಂಡಾಳು ಧಾರಾಳವಾಗಿ ಒಯ್ಯಬಹುದು. ಗಸಗಸೆ ಒಂದು ಕಾಳೂ ಬೇಡ. ನಮಗೆ ಅದು ಪಾಯಸ, ಅವರಿಗೆ ಅಫೀಮಿನ ಬೀಜ. ಹಿಡಿದರೆ ಸೀದಾ ಜೈಲು. ಅಕ್ಕನ ಮಸಾಲೆ ಪುಡಿಯಲ್ಲೂ ಗಸಗಸೆ ಬೀಳುತ್ತೆ, ಆದ್ದರಿಂದ ಆ ಡಬ್ಬಿಯೂ ಬೇಡ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಕಾದು ಹೊತ್ತಿಕೊಳ್ಳಬಹುದು ಅಂತ ವಿಮಾನದವರು ಬಿಡಲ್ಲ. ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್, ನೋವಿನ ಮಾತ್ರೆಯಲ್ಲಿ ಟ್ರಾಮಡಾಲ್ ಇದ್ದರೆ ಅಲ್ಲಿ ಮುಂಚೆ ಅನುಮತಿ ತಗೋಬೇಕು. ಅಜ್ಜಿಯ ಮಂಡಿ ಮಾತ್ರೆಯನ್ನ ಡಾಕ್ಟರ ಹತ್ತಿರ ಬದಲಾಯಿಸಿ, ಚೀಟಿ ಸಮೇತ ಇಟ್ಟುಕೊಳ್ಳಿ ಅಂದೆ. ಅಲ್ಲಿತನಕ ಎಲ್ಲಾ ಸರಿ ಇತ್ತು.

"ಎಲಿ-ಅಡಿಕಿ?" ಅಂದರು ಅಜ್ಜಿ.

ಅದೂ ಇಲ್ಲ. ವೀಳ್ಯದೆಲೆ, ಪಾನು ಸುಂಕದವರ ನಿಷೇಧದ ಪಟ್ಟಿಯಲ್ಲಿವೆ. ಅಜ್ಜಿ ಎದ್ದು ಒಳಗೆ ಹೋದರು. ಮಾರನೇ ದಿನ ಪಾಸ್‌ಪೋರ್ಟ್ ಅರ್ಜಿಯನ್ನ ವಾಪಸು ತಗೋಬಹುದಾ ಅಂತ ಮೊಮ್ಮಗನನ್ನ ಕಳಿಸಿ ಕೇಳಿಸಿದರು.

ಓಣಿಯವರಿಗೆ ಇವರ ಪ್ರಯಾಣದಲ್ಲಿ ಇರೋ ಆಸಕ್ತಿ ಒಂದೇ, ಬಂಗಾರ. ಒಬ್ಬರಿಗೆ ಎರಡು ತೊಲದ ಬಳೆ, ಇನ್ನೊಬ್ಬರಿಗೆ ಸರ. ಆದೋನಿ ಅಂಗಡಿ ಸಾಲು ಕೈಯಳತೆಯಲ್ಲಿ ಇಟ್ಟುಕೊಂಡು ದೇರಾದ ಚಿನ್ನದ ಪೇಟೆ ಯಾಕೆ ಬೇಕೋ. ಸುಂಕ ಇಲ್ಲದೆ ಒಡವೆ ತರೋ ಸೌಲಭ್ಯ ಒಂದು ವರ್ಷಕ್ಕೂ ಹೆಚ್ಚು ಹೊರದೇಶದಲ್ಲಿ ಇದ್ದು ಬರೋರಿಗೆ, ಒಂದು ವಾರ ಹೋಗಿ ಬರೋರಿಗೆ ಅಲ್ಲ. ಹಿಂದೆ ಈ ಚಿನ್ನದ ದೆಸೆಯಿಂದಲೇ ಒಂದು ತಮಾಷೆ ನಡೆದಿತ್ತು. ಆ ಸೀಮೆಯಲ್ಲೆಲ್ಲ ನಮ್ಮ ರೂಪಾಯಿಯೇ ಚಲಾವಣೆ. ಅದನ್ನ ಕೊಟ್ಟು ಚಿನ್ನ ಕೊಂಡು ಕಳ್ಳದಾರಿಯಲ್ಲಿ ಇಲ್ಲಿಗೆ ತರೋದು ಜಾಸ್ತಿಯಾಗಿ, 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಗಲ್ಫಿಗೇ ಅಂತ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 1966ರ ಜೂನಿನಲ್ಲಿ ಇಲ್ಲಿ ರೂಪಾಯಿ ಬೆಲೆ ಇಳಿಸಿದ ಮೇಲೆ ದುಬೈ ಕಡೆಯವರು ಅದನ್ನ ಕೈಬಿಟ್ಟರು. ಅಂದರೆ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಹೋಗಿದ್ದರೆ ಗಂಟಿನ ರೂಪಾಯಿಯೇ ಸಾಕಿತ್ತು.

ಮೊಮ್ಮಗನಿಗೆ ಒಂದು ಸಂಗತಿ ಹೇಳಿ ಅವನ ಕೈಲಿ ಬೈಸಿಕೊಂಡೆ. ದುಬೈನಲ್ಲಿ ಕನ್ನಡ ಪಾಠಶಾಲೆ ಇದೆ, 2014ರಿಂದ ಅಲ್ಲಿನ ಕನ್ನಡದವರು ಮಕ್ಕಳಿಗೆ ಬಿಟ್ಟಿಯಾಗಿ ಅಆಇಈ ಕಲಿಸ್ತಾರೆ, ನೋಡಿಕೊಂಡು ಬಾರೋ ಅಂದೆ. "ಮಾಮಾ, ರಜೆಯಾಗೂ ಇಸ್ಕೂಲೇನು?" ಅಂದ. ನ್ಯಾಯ.

ಅಜ್ಜಿಯ ಮುನಿಸು ನಾಲ್ಕೇ ದಿನ. ಆಮೇಲೆ ತಾವೇ ಬೇಲಿ ಹತ್ತಿರ ಬಂದು, ವಾರ ಎಲೆ ಬಿಟ್ಟಿರ್ತೀನಿ, ಆದರೆ ವಿಮಾನದಲ್ಲಿ ಕಿಟಕಿ ಪಕ್ಕ ತಮಗೇ ಆಗಬೇಕು ಅಂತ ಕರಾರು ಹಾಕಿದರು. ಕಿಟಕಿ ತನ್ನದು ಅಂತ ಮೊಮ್ಮಗ ಆಗಲೇ ಬುಕ್ ಮಾಡಿಕೊಂಡಿದ್ದಾನೆ. ಆ ವಿಮಾನದಲ್ಲಿ ಒಂದು ಸಾಲಿಗೆ ಈ ಕಡೆ ಮೂರು, ಆ ಕಡೆ ಮೂರು. ಆರು ಜನರಿಗೆ ಒಂದು ಸಾಲು, ಎರಡು ಕಿಟಕಿ. ಅಜ್ಜಿಗೊಂದು, ಹುಡುಗನಿಗೊಂದು, ಲೆಕ್ಕ ಚೊಕ್ಕ ಅಂತ ನಾನು ಕಂಪ್ಯೂಟರಿನಲ್ಲಿ ಸೀಟು ಒತ್ತೋಕೆ ಕೂತಿದ್ದೆ. ಅಷ್ಟರಲ್ಲಿ ಅಕ್ಕ ಅಂಗಡಿಗೇ ಬಂದರು. ಬೇಲಿ ಹತ್ತಿರ ಹೇಳೋ ಮಾತಲ್ಲ ಅಂತ ಕಾಣುತ್ತೆ. ಸುತ್ತ ನೋಡಿ, ದನಿ ತಗ್ಗಿಸಿ, "ತಮ್ಮಾ, ನಾನೂ ಮೊದಲ್ನೇ ಸಲಾನೇ ಹತ್ತೋದಲ್ಲೇನು?" ಅಂದರು. ಎರಡು ಸಾಲಿನಲ್ಲಿ ಹಂಚಿ ಕೂರಿಸಿದರೆ ಮೂರನೇ ಕಿಟಕಿ ಬರುತ್ತೆ, ಸೀಟಿಗೆ ಬೇರೆ ದುಡ್ಡು. ಯಜಮಾನರಿಗೆ ಹೇಳದೆ ಹೊಂದಿಸೋಕೆ ನೋಡ್ತಿದ್ದೀವಿ.